ನಿಲ್ಲಿಸಿದ್ದು ಯಾರು

ಎರಡನೇ ರೌಂಡು ಇನ್ನೂ ಮುಗಿದಿರಲಿಲ್ಲ. ಅಂಕುಶ ರಿಂಗಿನ ಹಗ್ಗಕ್ಕೆ ಒರಗಿ, ಎರಡೂ ಗ್ಲೌಸುಗಳಿಂದ ಮುಖ ಮುಚ್ಚಿಕೊಂಡು ನಿಂತಿದ್ದ. ಬೆಳಗಾವಿಯ ಹುಡುಗ ಅವನ ಪಕ್ಕೆಗೆ ಬಿಡದೆ ಗುದ್ದುತ್ತಿದ್ದ. ರೆಫರಿ ತುಳಸಿರಾಮ ನಡುವೆ ನುಗ್ಗಿ ಇಬ್ಬರನ್ನೂ ಬಿಡಿಸಿದ, ಅಂಕುಶನ ಮುಖದ ಹತ್ತಿರ ತಲೆ ಬಗ್ಗಿಸಿದ. ಮರುಗಳಿಗೆಯಲ್ಲೇ ಎರಡೂ ಕೈಗಳನ್ನು ಮೇಲೆತ್ತಿ ಬೀಸಿ ಪಂದ್ಯ ನಿಲ್ಲಿಸಿಬಿಟ್ಟ. ಗೆದ್ದವನು ರಾಜ್ಯ ತಂಡಕ್ಕೆ ಹೋಗುವ ಪಂದ್ಯ ಅದು. ದಾಂಡೇಲಿಯ ಆ ಸಭಾಭವನದ ಮುಂದಿನ ಸಾಲಿನಲ್ಲಿ ಕೂತಿದ್ದ ಅಂಕುಶನ ತಾಯಿ ಫೂಲಿಬಾಯಿ ದಿಗ್ಗನೆ ಎದ್ದಳು. ಮಗ ಬಿದ್ದಿರಲಿಲ್ಲ. ಮೂಗಿನಿಂದ ಒಂದು ಹನಿ ರಕ್ತವೂ ಬಂದಿರಲಿಲ್ಲ.

"ಯಾಕ ನಿಲ್ಲಿಸಿದ್ರು?" ಎಂದು ಕೋಚ್ ಸುಭಾಸನನ್ನು ಕೇಳಿದಳು.

ಸುಭಾಸ ಟವೆಲ್ಲು ಮಡಚುತ್ತ ದನಿ ತಗ್ಗಿಸಿದ. "ನನಗೂ ತಿಳೀವಲ್ದು. ಒಂದು ಮಾತು ಹೇಳ್ತೇನಿ, ನಾ ಹೇಳೀನಿ ಅಂತ ಯಾರ ಮುಂದೂ ಅನಬ್ಯಾಡ್ರಿ. ಮುಂಜಾನೆ ತುಳಸಿರಾಮ ಬಂದದ್ದು ಬೆಳಗಾವಿಯವರ ಜೀಪಿನ್ಯಾಗ."

ತಮ್ಮ ಊರಾದ ಸಾಂಬ್ರಾಣಿಯ ಬಸ್ಸು ಹತ್ತಿದರೂ ಆ ಜೀಪು ಫೂಲಿಬಾಯಿಯ ತಲೆಯಿಂದ ಇಳಿಯಲಿಲ್ಲ. ತುಳಸಿರಾಮ ಹೊರಗಿನವನಲ್ಲ, ತಮ್ಮ ಹಾಗೆಯೇ ಸಿದ್ದಿ ಜನಾಂಗದವನು. ಮುಂಡಗೋಡದ ಕಡೆಯವನು, ಹಿಂದೆ ತಾನೂ ಬಾಕ್ಸಿಂಗ್ ಆಡಿದವನು, ಈಗ ದಾಂಡೇಲಿಯಲ್ಲಿ ಮನೆ ಮಾಡಿಕೊಂಡಿದ್ದಾನೆ. ನಮ್ಮವನೇ ಆಗಿ ನಮ್ಮ ಹುಡುಗನನ್ನು ಯಾಕೆ ನಿಲ್ಲಿಸಿದ? ಪಂದ್ಯ ಮುಗಿದ ಮೇಲೆ ತನ್ನ ಕಡೆ ನೋಡದೆ ಹಿಂದಿನ ಬಾಗಿಲಿನಿಂದ ಯಾಕೆ ಹೋದ? ಮಗನನ್ನು ಕೇಳಿದರೆ ಅವನು ಕಿಟಕಿಯ ಕಡೆ ಮುಖ ತಿರುಗಿಸಿ, "ನನ್ನೇನು ಕೇಳ್ತಿ, ರೆಫರಿನ್ನ ಕೇಳು" ಎಂದ.

ಊರಲ್ಲಿ ಇಳಿದಾಗ ಕಿರಾಣಿ ಅಂಗಡಿಯ ಉಳವಪ್ಪ ಇನ್ನೊಂದೇ ರಾಗ ತೆಗೆದ. "ರೆಫರಿ ನಿಲ್ಲಿಸಿದ್ನೋ, ನಿನ್ನ ಮಗಾನ ಕೈ ಚೆಲ್ಲಿದ್ನೋ? ನಾನೂ ಮೊಬೈಲ್‌ನ್ಯಾಗ ವಿಡಿಯೋ ನೋಡೀನಿ. ಅವನ ತುಟಿ ಅಲ್ಲಾಡಿದಂಗ ಕಾಣತೈತಿ."

"ನನ್ನ ಮಗ ಬಿಟ್ಟು ಬರೂವವ ಅಲ್ಲ!" ಎಂದು ಫೂಲಿಬಾಯಿ ರೇಗಿದಳು. ಆದರೆ ಆ ಮಾತು ಮುಳ್ಳಿನ ಹಾಗೆ ಒಳಗೆ ಸೇರಿಕೊಂಡಿತು. ಮರುದಿನ ಬೆಳಿಗ್ಗೆ ಮಗ ಬೇಡಬೇಡವೆಂದರೂ ಕೇಳದೆ ಅವನನ್ನು ಕರೆದುಕೊಂಡು ಮತ್ತೆ ದಾಂಡೇಲಿಗೆ ಬಂದಳು.

ತುಳಸಿರಾಮ ಮನೆಯ ಮುಂದೆ ಕೂತು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಿದ್ದ. ಇವರನ್ನು ಕಂಡು, "ಬರ್ರಿ" ಎಂದು ಎದ್ದ. ಫೂಲಿಬಾಯಿ ಕೂರಲಿಲ್ಲ. ಅಂಕುಶ ಬೇಲಿಯ ಹತ್ತಿರವೇ ನಿಂತ.

"ಅಣ್ಣಾ, ಬೆಳಗಾವಿಯವರ ಜೀಪು ಹತ್ತಿ ಬಂದಿದ್ರಂತ?"

"ಹೌದವಾ. ಮುಂಡಗೋಡಕ್ಕ ಹೋಗಿ ತಿರುಗಿ ಬರೂವಾಗ ಹಳಿಯಾಳ ರಸ್ತೆದಾಗ ಬಸ್ಸು ಕೆಟ್ಟು ನಿಂತಿತ್ತು. ಅವರು ಕರದ್ರು, ಹತ್ತಿದೆ."

"ಅದಕ್ಕ ಅವರ ಹುಡುಗನ್ನ ಗೆಲ್ಲಿಸಿದ್ರಿ?"

"ಅಲ್ಲ. ನಿನ್ನ ಮಗನ ಕಣ್ಣು ನೋಡಿದೆ. ಮುಂದ ಆಡೂ ಹಂಗ ಇರಲಿಲ್ಲ. ನಿಲ್ಲಿಸಿದೆ."

"ತನ್ನ ಕಾಲ ಮ್ಯಾಲೆ ತಾ ನಿಂತಿದ್ದ! ನಮ್ಮ ಮಂದಿ ಮೈ ಎಂಥಾದ್ದು ಅಂತ ನಿಮಗ ಗೊತ್ತಿಲ್ಲೇನು? ಅಂಥಾವು ಇನ್ನೂ ಹತ್ತು ಏಟು ತಡೀತಿದ್ದ."

ತುಳಸಿರಾಮ ಎಣ್ಣೆಯ ಡಬ್ಬಿಯನ್ನು ಕೆಳಗಿಟ್ಟ. "ನಾ ಆಡೂವಾಗ ನನಗೂ ಹಿಂಗ ಅಂತಿದ್ರು. ಸಿದ್ದಿ ಐತಿ, ತಡೀತೈತಿ, ಆಡಲಿ ಬಿಡ್ರಿ ಅಂತ. ಒಬ್ಬರೂ ನಿಲ್ಲಸ್ತಿರಲಿಲ್ಲ. ಅವರು ಅಂದ್ರ ಅನ್ನಲಿ, ನೀನೂ ಹಂಗ ಅಂದ್ರ ಹೆಂಗವಾ?"

ಮಾತು ಚೆನ್ನಾಗಿದ್ದಷ್ಟೂ ಫೂಲಿಬಾಯಿಯ ಅನುಮಾನ ಹೆಚ್ಚಿತು. "ಚಂದ ಮಾತಾಡ್ತಿ. ಬಾಕ್ಸಿಂಗ್ ಸಂಘದವರ ಮುಂದ ಹೋಗಿ ಎಲ್ಲಾ ಹೇಳ್ತೇನಿ. ಇನ್ನ ಮ್ಯಾಲೆ ನೀ ರಿಂಗಿನ್ಯಾಗ ಕಾಲಿಡಬಾರದು, ಹಂಗ ಮಾಡ್ತೇನಿ."

"ಹೇಳವಾ," ಎಂದ ತುಳಸಿರಾಮ.

"ಆಯಿ," ಬೇಲಿಯ ಕಡೆಯಿಂದ ಅಂಕುಶ ಕರೆದ. "ನಾನ ಅಂದೆ."

"ಏನಂದಿ?"

"ಪುರೇ ಅಂದೆ. ಪುರೇ ಮಾಮಾ, ಅಂತ."

ಸಾಕು ಎನ್ನುವುದಕ್ಕೆ ಅವರ ಮನೆಯ ಮಾತು ಅದು. ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಲು ಹೋದಾಗ ಅವನು ಅನ್ನುತ್ತಿದ್ದ ಮಾತು. ಫೂಲಿಬಾಯಿ ರೆಫರಿಯ ಮುಖ ನೋಡಿದಳು.

"ಸುಳ್ಳು," ಎಂದು ತುಳಸಿರಾಮ ಅವಸರದಿಂದ ಹೇಳಿದ. "ಅವ ಏನೂ ಅಂದಿಲ್ಲ, ನಾ ಏನೂ ಕೇಳಿಲ್ಲ. ಅಂಕುಶಾ, ಬಾಯಿ ಮುಚ್ಚು. ರೆಫರಿ ನಿಲ್ಲಿಸಿದವನ್ನ ಮತ್ತ ಕರೀತಾರ. ತಾನಾಗಿ ಬಿಟ್ಟವನ್ನ ಯಾರೂ ಕರಿಯೂದಿಲ್ಲ."

ಇಬ್ಬರಲ್ಲಿ ಯಾರು ಯಾರನ್ನು ಉಳಿಸುತ್ತಿದ್ದಾರೆ? ಫೂಲಿಬಾಯಿ ದಾಪುಗಾಲು ಹಾಕಿ ಮಗನ ಹತ್ತಿರ ಹೋದಳು. "ಖರೇ ಹೇಳು! ಇವನ ಮರ್ಯಾದಿ ಉಳಸಾಕ ಸುಳ್ಳು ಹೇಳಾಕತ್ತೀಯೇನು? ಇಲ್ಲಾ ನೀನ ಬಿಟ್ಟಿಯೇನು?" ಎನ್ನುತ್ತ ಅವನ ಅಂಗಿಯನ್ನು ಪಕ್ಕೆಯ ಹತ್ತಿರ ಗಟ್ಟಿಯಾಗಿ ಹಿಡಿದು ಜಗ್ಗಿದಳು.

ಅಂಕುಶ ನಿಂತಲ್ಲೇ ಮುದುರಿ ಬಾಗಿದ. ಬೇಲಿಯ ಗೂಟ ಹಿಡಿದು ಉಸಿರಿಗಾಗಿ ಬಾಯಿ ತೆರೆದ.

"ಕೈ ತಗಿ ಆಯಿ," ಎಂದ. "ನೋಯತೈತಿ."

ಫೂಲಿಬಾಯಿ ಅಂಗಿ ಬಿಟ್ಟಳು. ಇಪ್ಪತ್ತು ವರ್ಷ ಸಾಕಿದ ಆ ಮೈಯನ್ನು ಎಲ್ಲಿ ಮುಟ್ಟಬೇಕೆಂದು ತಿಳಿಯದೆ, ಅವಳ ಕೈ ಗಾಳಿಯಲ್ಲೇ ಉಳಿಯಿತು.