ನೀರಿನ ಗುಂಡಿ

ಮುದುಕ ಕೇತೇಗೌಡ ಕಾಡಿನ ಯಾವ ಜೀವದ ಮೇಲೂ ಕೈ ಎತ್ತಿದವನಲ್ಲ. ಬೇಸಿಗೆಯಲ್ಲಿ ಕಡವೆಗಳು ಉದುರಿಸಿದ ಕೊಂಬನ್ನಷ್ಟೇ ಹೆಕ್ಕಿ ತರುತ್ತಿದ್ದ. ಅದನ್ನು ತೇಯ್ದು ಹಣೆಗೆ ಹಚ್ಚಿದರೆ ಹೆಂಡತಿಯ ತಲೆನೋವು ಇಳಿಯುತ್ತಿತ್ತು.

ಆ ವರ್ಷ ಹಳ್ಳವೆಲ್ಲ ಬತ್ತಿ, ಬಂಡೆಯ ಬುಡದ ಒಂದೇ ಗುಂಡಿಯಲ್ಲಿ ನೀರು ಉಳಿದಿತ್ತು. ಕಡವೆಗಳೆಲ್ಲ ಅಲ್ಲಿಗೇ ಬರುತ್ತಿದ್ದವು, ಕೊಂಬುಗಳೂ ಅಲ್ಲೇ ಸಿಗುತ್ತಿದ್ದವು. ಮೂರು ದಿನ ಅವನು ಬೆಳಗಿನಿಂದ ಸಂಜೆಯವರೆಗೆ ಗುಂಡಿಯ ಸುತ್ತಲೇ ಹುಡುಕಿದ. ನೀರಿಗೆ ಬಂದ ಹಿಂಡು ಅವನನ್ನು ಕಂಡು ಪ್ರತಿ ಸಲವೂ ಗುಡ್ಡ ಹತ್ತಿ ಓಡಿತು.

"ಕತ್ತಲಾದ್ರೆ ಅಲ್ಲಿ ಹುಲಿ ಕೂತಿರ್ತದೆ, ಹಗಲು ನೀನು ಕೂತಿರ್ತೀಯ. ಅವು ಯಾವಾಗ ಕುಡೀಬೇಕು?" ಅಂದಳು ಹೆಂಡತಿ.

"ಬಿದ್ದದ್ದನ್ನ ಹೆಕ್ಕಿದ್ರೆ ಯಾರಿಗೇನು ನಷ್ಟ?" ಅಂದ.

ನಾಲ್ಕನೆಯ ದಿನ ಗುಂಡಿಗೆ ಹತ್ತು ಹೆಜ್ಜೆ ದೂರದಲ್ಲಿ ಹೆಣ್ಣು ಕಡವೆಯೊಂದು ಸತ್ತು ಬಿದ್ದಿತ್ತು. ಮರಿ ಅದರ ಕೆಚ್ಚಲಿಗೆ ಮೂತಿ ತೂರಿಸಿ ಗುದ್ದುತ್ತಿತ್ತು. ಕೇತೇಗೌಡ ಕೊಂಬಿನ ಚೀಲ ಕೆಳಗಿಟ್ಟು ಅಲ್ಲೇ ಕುಳಿತ.

ಗಸ್ತಿಗೆ ಬಂದ ಫಾರೆಸ್ಟ್ ಗಾರ್ಡ್ ಅವನ ಚೀಲದಲ್ಲಿದ್ದ ಕೊಂಬು ನೋಡಿದ. ಕಡವೆಯ ಮೈಮೇಲೆ ಗಾಯ ಹುಡುಕಿದ. ಒಂದೂ ಇರಲಿಲ್ಲ.

"ಕೊಂಬು ಇಲ್ಲೇ ಬಿಟ್ಟು ಮನೆಗೆ ಹೋಗು ತಾತ. ಇದು ಬಿಸಿಲಿಗೆ ಸತ್ತದ್ದು, ಹಾಗಂತಲೇ ಬರ್ಕೋತೀನಿ."

"ಬಿಸಿಲಿಗಲ್ಲ ಸ್ವಾಮಿ."

"ಗುಂಡಿನ ಏಟಿಲ್ಲ, ಉರುಳಿನ ಗುರುತಿಲ್ಲ. ಮತ್ತೆ ಯಾರು ಕೊಂದ್ರು ಅಂತ ಬರೀಲಿ?"

ಮುದುಕ ಮರಿಯಿಂದ ಕಣ್ಣು ಕೀಳದೆ ತನ್ನ ಹೆಸರು ಹೇಳಿದ.