ಆಯಿಯಿಂದ ಕಿತ್ತುಕೊಂಡ ಫ್ಯಾನ್

ಎರಡು ನಿಮಿಷ ಇದ್ದರೆ ಓದಿ... ಪುರುಸೊತ್ತಿಲ್ಲ ಅನ್ನುವವರು ಮೊದಲು ಓದಿ.

ಕಲಬುರಗಿಯ ಒಂದು ದಾಲ್ ಮಿಲ್. ಅಲ್ಲಿ ನಾನು ಕಂಪ್ರೆಸರ್ ಆಪರೇಟರ್.

ತೊಗರಿ ಬೇಳೆಯಲ್ಲಿ ಕಪ್ಪು ಕಾಳು ಬಂದರೆ ಒಂದು ಮಷಿನ್ ಅದನ್ನು ಗಾಳಿ ಊದಿ ಹಾರಿಸುತ್ತದೆ. ಆ ಗಾಳಿ ಕೊಡುವುದು ಕಂಪ್ರೆಸರ್. ಅದು ನಿಂತರೆ ಇಡೀ ಮಿಲ್ ನಿಂತ ಹಾಗೆ.

ಧೂಳು ಬೀಳಬಾರದೆಂದು ಮಿಲ್ ಮಾಲೀಕರಾದ ಸಾವುಕಾರರು ಅದಕ್ಕೆ ನಾಲ್ಕೂ ಕಡೆ ತಗಡಿನ ರೂಮ್ ಕಟ್ಟಿಸಿದ್ದರು. ಇದ್ದದ್ದು ಒಂದೇ ಬಾಗಿಲು.

ಆ ಬಾಗಿಲ ಪಕ್ಕದಲ್ಲೇ ಚಂದಮ್ಮ ಆಯಿ ಕೂರುತ್ತಿದ್ದಳು. ವಯಸ್ಸು ಅರವತ್ತರ ಮೇಲೆ. ತುಂಬಿದ ಚೀಲದ ಬಾಯಿಯನ್ನು ದಬ್ಬಣದಿಂದ ಹೊಲಿಯುವ ಕೆಲಸ. ಅವಳು ಹೊಲಿದ ಚೀಲ ಲಾರಿ ಮೇಲಿಂದ ಎಸೆದರೂ ಬಾಯಿ ಬಿಡುತ್ತಿರಲಿಲ್ಲ.

ಏಪ್ರಿಲ್ ಬಂತು. ಹೊರಗೆ ನಲವತ್ಮೂರು ಡಿಗ್ರಿ...

ಕಂಪ್ರೆಸರ್ ಟ್ರಿಪ್ ಆಗತೊಡಗಿತು. ಒಳಗಿನ ಎಣ್ಣೆ ನೂರಾ ಹತ್ತು ಡಿಗ್ರಿ ಮುಟ್ಟಿದರೆ ಅದು ತಾನೇ ಬಂದ್ ಆಗುತ್ತದೆ. ದಿನಕ್ಕೆ ಮೂರು ಸಲ, ನಾಲ್ಕು ಸಲ.

ಸಾವುಕಾರರು ಎಲ್ಲರೆದುರು ಬೈದರು. "ಎಂಟನೇ ಕ್ಲಾಸಿಗೆ ಸಾಲಿ ಬಿಟ್ಟವನ ಕೈಯಾಗ ಇಷ್ಟ್ ದೊಡ್ಡ ಮಷಿನ್ ಕೊಟ್ಟಿದ್ದೇ ನಂದ್ ತಪ್ಪು! ಇನ್ನೊಂದ್ ಸಲ ನಿಂತ್ರ ನೀನೂ ಗೇಟಿನ ಹೊರಗ!"

ಮೈ ಉರಿಯಿತು. ಆ ಸಿಟ್ಟನ್ನು ಅವರ ಮೇಲೆ ತೋರಿಸುವ ಹಾಗಿಲ್ಲವಲ್ಲ...

ಸೀದಾ ಬಂದು, ಆಯಿಯ ಪಕ್ಕದಲ್ಲಿದ್ದ ಸ್ಟ್ಯಾಂಡ್ ಫ್ಯಾನ್ ಕಿತ್ತುಕೊಂಡು ಕಂಪ್ರೆಸರ್ ಕಡೆ ತಿರುಗಿಸಿ ಇಟ್ಟೆ.

"ಯಾಕೋ ತಮ್ಮಾ, ನಿನ್ ಮಷಿನ್‌ಗ ಲಗ್ನ ಅದ ಏನು? ಗಾಳಿ ಹಾಕ್ಲತ್ತಿದಿ!" ಅಂತ ನಕ್ಕಳು.

"ಸುಮ್ ಕೂಡ್ ಆಯಿ. ಇದು ನಿಂತ್ರ ನನ್ ಕೆಲಸ ಹೋಗ್ತದ."

"ಹಂಗಿದ್ರ ಇಟ್ಕೊ. ನಾ ಸೆರಗಿಲೆ ಬೀಸ್ಕೋತೀನಿ."

ಸ್ವಲ್ಪ ಹೊತ್ತು ಬಿಟ್ಟು ಅವಳೇ ಅಂದಳು, "ಆದ್ರ ತಮ್ಮಾ, ಅದು ಬಿಟ್ಟ ಬಿಸಿ ಗಾಳಿ ಅಲ್ಲೇ ಸುತ್ತಾಡ್ಲತದ. ಅದನ್ನೇ ಮತ್ತ ನುಂಗ್ಲತದ. ರೊಟ್ಟಿ ಮಾಡೋ ಮನ್ಯಾಗ ಬೆಳಕಿಂಡಿ ಮುಚ್ಚಿದ್ರ ಉಸಿರು ಕಟ್ಟಲ್ಲೇನು? ಹಿಂದಿನ ತಗಡ್ ತಗಿ. ಬಿಸಿ ಹೊರಗ ಹೋಗ್ಲಿ."

ನಾನು ಏನಂದೆ ಗೊತ್ತಾ?

"ನೀ ಯಾವ್ ಕಾಲೇಜಿನ್ಯಾಗ ಇಂಜಿನಿಯರಿಂಗ್ ಮಾಡಿದಿ ಆಯಿ? ಸುಮ್ಕ ಚೀಲ ಹೊಲಿ."

ಹಮಾಲರೆಲ್ಲ ನಕ್ಕರು. ಅರ್ಧ ಗಂಟೆ ಹಿಂದೆ ನನಗೆ ಚುಚ್ಚಿದ ಮಾತನ್ನೇ ನಾನು ಅವಳಿಗೆ ಚುಚ್ಚಿದ್ದೆ... ಅವಳು ತಲೆ ತಗ್ಗಿಸಿ ಸುತಳಿ ಪೋಣಿಸಿದಳು.

ಫ್ಯಾನಿನಿಂದ ಮಷಿನ್ ತಣ್ಣಗಾಯಿತಾ? ಎಲ್ಲಿಂದ ಆಗಬೇಕು! ಬಿಸಿ ಗಾಳಿಯನ್ನೇ ರೂಮಿನೊಳಗೆ ತಿರುಗಿಸುತ್ತಿತ್ತು. ಉಳಿದದ್ದು ಬಾಗಿಲಿನಿಂದ ಬಂದು ಆಯಿಯ ಬೆನ್ನಿಗೆ ಹೊಡೆಯುತ್ತಿತ್ತು.

ನನಗೂ ಅದು ಕಾಣುತ್ತಿತ್ತು. ಆದರೂ ಫ್ಯಾನ್ ವಾಪಸ್ ಕೊಡಲಿಲ್ಲ. ಕೊಟ್ಟರೆ ನಾನು ಸೋತ ಹಾಗೆ ಅನ್ನಿಸಿತು.

ನಾಲ್ಕನೇ ದಿನ ಮಧ್ಯಾಹ್ನ ಮೂರಕ್ಕೆ ಮತ್ತೆ ಟ್ರಿಪ್. ಎಲ್ಲರೂ ಮಷಿನ್ ಸುತ್ತ ಓಡಿದೆವು. ಒಬ್ಬ ಒದ್ದೆ ಚೀಲಗಳನ್ನು ತಂದು ಸುತ್ತಿದ, ಒಬ್ಬ ಬಕೆಟ್ ನೀರು ತಂದ. ಸಾವುಕಾರರು ಫೋನಿನಲ್ಲಿ ಕೂಗಾಡುತ್ತಿದ್ದರು.

ಮಷಿನ್ ಶುರುವಾಯಿತು. ತಿರುಗಿ ನೋಡಿದೆ...

ಆಯಿ ಚೀಲಕ್ಕೆ ಒರಗಿ ಬಿದ್ದಿದ್ದಳು. ಮೈ ಕೆಂಡ. ಒಂದು ಹನಿ ಬೆವರಿಲ್ಲ. ಏನೇನೋ ಬಡಬಡಿಸುತ್ತಿದ್ದಳು.

ಮಷಿನ್‌ಗೆ ಸುತ್ತಿದ್ದ ಒದ್ದೆ ಚೀಲಗಳನ್ನೇ ಕಿತ್ತು ಅವಳ ಮೈಮೇಲೆ ಹಾಕಿ, ಆಟೋದಲ್ಲಿ ಆಸ್ಪತ್ರೆಗೆ ಒಯ್ದೆವು.

ಡಾಕ್ಟರ್ ಕೇಳಿದರು, "ಎಷ್ಟು ಹೊತ್ತಿನಿಂದ ಹೀಗಿದ್ದಾರೆ?"

ಯಾರಿಗೂ ಗೊತ್ತಿರಲಿಲ್ಲ.

ಕಂಪ್ರೆಸರ್ ಎಷ್ಟು ಹೊತ್ತು ನಿಂತಿತ್ತು ಅಂತ ಕೇಳಿದ್ದರೆ ಥಟ್ಟನೆ ಹೇಳುತ್ತಿದ್ದೆ. ಇಪ್ಪತ್ತೆರಡು ನಿಮಿಷ...

ಆಯಿ ಬದುಕಿದಳು. ಆದರೆ ಕೈಗೆ ನಡುಕ ಬಂತು. ಅದು ಇನ್ನು ಹೋಗುವುದು ಕಷ್ಟ ಅಂದರು ಡಾಕ್ಟರ್. ದಬ್ಬಣ ಹಿಡಿಯುವ ಕೈ ಅದು...

ಮರುವಾರ ಕಂಪ್ರೆಸರ್ ಕಂಪನಿಯ ಇಂಜಿನಿಯರ್ ಬಂದ. ರೂಮ್ ನೋಡಿ ತಲೆ ಚಚ್ಚಿಕೊಂಡ.

ಹಿಂದಿನ ತಗಡು ತೆಗೆಸಿದ. ಬಿಸಿ ಗಾಳಿ ಸೀದಾ ಹೊರಗೆ ಹೋಗಲು ಡಕ್ಟ್ ಹಾಕಿಸಿದ. ನೆರಳಿನ ಕಡೆಯಿಂದ ಗಾಳಿ ಒಳಗೆ ಬರಲು ಜಾಗ ಬಿಡಿಸಿದ. ಕಂಪ್ರೆಸರ್‌ನ ಎಣ್ಣೆ ತಣಿಸುವ ಕೂಲರ್‌ಗೆ ಬೇಳೆಯ ಹೊಟ್ಟು ಮೆತ್ತಿಕೊಂಡಿತ್ತು, ಅದನ್ನೂ ತೊಳೆಸಿದ.

ಅವತ್ತೇ ಎಣ್ಣೆಯ ಬಿಸಿ ತೊಂಬತ್ತಕ್ಕೆ ಇಳಿಯಿತು. ಆಮೇಲೆ ಮೇ ತಿಂಗಳು ಪೂರ್ತಿ ಒಂದು ಸಲವೂ ಟ್ರಿಪ್ ಆಗಲಿಲ್ಲ.

ತಗಡು ತೆಗೆಸಿದ ದಿನವೇ ಸಾವುಕಾರರು ಅವನಿಗೆ ಶಾಲು ಹೊದಿಸಿದರು. "ಇಂಜಿನಿಯರ್ ಅಂದ್ರ ಹಿಂಗಿರ್ಬೇಕ್ ನೋಡ್ರಿ!"

ನಾನು ಅಲ್ಲೇ ಕೂಗಿದೆ, "ಇದನ್ನ ಚಂದಮ್ಮ ಆಯಿ ಮೊದಲೇ ಹೇಳಿದ್ಳು ರೀ!"

ಒಬ್ಬರೂ ತಿರುಗಿ ನೋಡಲಿಲ್ಲ. ಫೋಟೋ ತೆಗೆಯುವುದರಲ್ಲಿದ್ದರು.

ಅವತ್ತು ಸಂಜೆ ಆಯಿಯ ಮನೆಗೆ ಹೋದೆ. ಸೊಸೆ ಬಸಿಯಲ್ಲಿ ಚಹಾ ಆರಿಸಿ ಕುಡಿಸುತ್ತಿದ್ದಳು. ಕಾಲು ಹಿಡಿದೆ.

"ತಪ್ಪಾಯ್ತು ಆಯಿ... ನೀ ಹೇಳ್ದಂಗೇ ಮಾಡಿದ್ರು. ತಗಡ್ ತೆಗೆದ್ರು. ಈಗ ತಣ್ಣಗ ನಡೀಲತದ."

ಬೈಯುತ್ತಾಳೆ ಅಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು...

"ಖರೇನಾ?" ಅಂದಳು. "ನಾ ಹೇಳಿದ್ದು ಖರೇ ಆತಾ?"

ಸೊಸೆಯ ಕಡೆ ತಿರುಗಿದಳು. ನಡುಗುವ ಕೈಯಿಂದಲೇ ಅವಳ ತೋಳು ಹಿಡಿದು ಅಲುಗಾಡಿಸಿದಳು. "ಕೇಳ್ದ್ಯಾ? ಅಷ್ಟ್ ದೊಡ್ಡ ಮಷಿನಿಂದು... ನಾ ಹೇಳಿದ್ದು ಖರೇ ಆತಂತ!"

ಆ ಮುಖದಲ್ಲಿದ್ದ ಖುಷಿ ನೋಡಲಾಗಲಿಲ್ಲ. ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ಅತ್ತೆ.

ಮಷಿನ್ ಬಿಸಿಯಾದರೆ ತಾನೇ ನಿಲ್ಲುತ್ತದೆ... ಮನುಷ್ಯ ನಿಲ್ಲುವುದಿಲ್ಲ, ಬೀಳುತ್ತಾನೆ.

ನೀವು ಕೆಲಸ ಮಾಡುವ ಕಡೆ ಎಲ್ಲಕ್ಕಿಂತ ಬಿಸಿ ಇರುವ ಮೂಲೆ ಯಾವುದು? ಅಲ್ಲಿ ಕೂತವರ ಮಾತನ್ನು ನೀವು ಕೊನೆಯ ಸಲ ಕೇಳಿದ್ದು ಯಾವಾಗ?