ನೇವರಿ ಕರಿಯುವಾಗ

ಅಂದು ನಾನು ಕೂಗಲಿಲ್ಲ. ಈಗಲೂ ಚೌತಿಗೆ ನೇವರಿ ಕಡುಬು ಕರಿಯುವ ಎಣ್ಣೆಯ ವಾಸನೆ ಬಂದರೆ ನನಗೆ ಆ ದಿನವೇ ನೆನಪಾಗುತ್ತದೆ.

ಹಟ್ಟಿಕೇರಿಯ ನಮ್ಮ ಮನೆಯಲ್ಲಿ ಆಯಿ, ಅಂದರೆ ನನ್ನಮ್ಮ, ಬಾಯಿಗೆ ಬಟ್ಟೆ ಕಟ್ಟಿಕೊಂಡು ಒಲೆಯ ಮುಂದೆ ಕೂತಿದ್ದಳು. ಗಣಪತಿಯ ನೈವೇದ್ಯಕ್ಕೆ ಎಂಜಲು ಹಾರಬಾರದೆಂದು ನನಗೂ ಕಟ್ಟಿದ್ದಳು.

"ಮಾತಿನಮಲ್ಲಿಗೆ ಇವತ್ತು ಬಾಯಿ ಉಪವಾಸ," ಎಂದು ಅಜ್ಜಿ ನಕ್ಕಳು. "ಮುಗಿಯೋತನಕ ತುಟಿ ಬಿಚ್ಚಿದ್ರೆ ಗಣಪ ಸಿಟ್ಟಾಗ್ತಾನೆ ನೋಡು."

ಆಯಿ ಕಾಯಿ-ಬೆಲ್ಲದ ಹೂರಣ ತೆಗೆಯಲು ಆಚೆ ತಿರುಗಿದಳು. ಆಗಿನ್ನೂ ತೊದಲುತ್ತಿದ್ದ ತಂಗಿ, ತೇಲುತ್ತಿದ್ದ ನೇವರಿಗೆಂದು ಬಾಣಲೆಯತ್ತ ಕೈ ಚಾಚಿದಳು. ಅದು ನನಗೆ ಕಂಡಿತು. ಗಣಪನ ಭಯಕ್ಕೆ ತುಟಿ ಇನ್ನೂ ಬಿಗಿದುಕೊಂಡೆ. ಕೊನೆಗೆ ಚೀರಿದವಳು ತಂಗಿಯೇ.

ನೆಂಟರಿಗೆಂದು ಮಾಡಿಟ್ಟ ಮುರುಗಲ ಹಣ್ಣಿನ ಕೆಂಪು ಶರಬತ್ತೇ ಆಯಿಯ ಕೈಗೆ ಸಿಕ್ಕಿತು. ಅದನ್ನೇ ಸುಟ್ಟ ಕೈಮೇಲೆ ಸುರಿದಳು. ನೆಲವೆಲ್ಲ ಕೆಂಪಾಯಿತು. ರಕ್ತವೆಂದೇ ತಿಳಿದು ನಾನು ಬಾಗಿಲ ಹಿಂದೆ ಅಡಗಿದೆ.

"ನೀ ಅಲ್ಲೇ ಇದ್ಯಲ್ಲೇ, ಕಾಣಲಿಲ್ವೇನೆ?"

ಇಲ್ಲವೆಂದು ತಲೆಯಾಡಿಸಿದೆ. ಆಯಿ ನಂಬಿದಳು.

ಹೋದ ಚೌತಿಗೆ ತಂಗಿ ಮುದುಡಿದ ಬೆರಳುಗಳಿಂದಲೇ ನೇವರಿಯ ಅಂಚು ಮಡಚುತ್ತಿದ್ದಳು. ಅವಳ ಪಕ್ಕ ಕೂತು ಹೇಳಿದೆ: "ಅವತ್ತು ನಾ ಕಂಡಿದ್ದೆ ತಂಗಿ. ಕೂಗಲಿಲ್ಲ. ನಂದು ತಪ್ಪಾಯ್ತು."